ಒಂದು ರಕ್ತಪರೀಕ್ಷೆ, ಐವತ್ತು ಕ್ಯಾನ್ಸರ್: ಲೆಕ್ಕ ಹಾಕಿ ನೋಡೋಣ



ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮ ಮಾಮು ಮೊಬೈಲಿಗೆ ಬಂದ ಸಂದೇಶವೊಂದನ್ನು ತೋರಿಸಿದರು. ‘ಒಂದೇ ರಕ್ತಪರೀಕ್ಷೆಯಲ್ಲಿ ಐವತ್ತು ಬಗೆಯ ಕ್ಯಾನ್ಸರ್ ಪತ್ತೆ’ ಎಂದು ಅದರಲ್ಲಿತ್ತು. “ನೀನು ಬಯಾಲಜಿ ಕಲಿಸುವವನು. ಇದನ್ನೊಂದು ಮಾಡಿಸಿಬಿಡ್ಲಾ ಬೇಟಾ?” ಎಂದು ಕೇಳಿದರು. ಮಾಮು ಮೂವತ್ತು ವರ್ಷಗಳಿಂದ ಹೊಗೆಸೊಪ್ಪು ಹಾಕಿ ಎಲೆಅಡಿಕೆ ಜಗಿಯುವವರು. ಕೆನ್ನೆಯ ಒಳಭಾಗದಲ್ಲಿ ಎರಡು ತಿಂಗಳಿಂದ ಬಿಳಿ ಮಚ್ಚೆ ಇತ್ತು. ಅದನ್ನು ಯಾರಿಗೂ ತೋರಿಸಿರಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಪಾಠವಾಗಿ ಬರೆಯುತ್ತಿದ್ದೇನೆ.

ಪರೀಕ್ಷೆಯ ಹಿಂದಿನ ವಿಜ್ಞಾನ

ನಮ್ಮ ದೇಹದಲ್ಲಿ ಜೀವಕೋಶಗಳು ಸಾಯುತ್ತಲೇ ಇರುತ್ತವೆ. ಸತ್ತ ಕೋಶಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಫ್ರಾನ್ಸಿನ ಮ್ಯಾಂಡೆಲ್ ಮತ್ತು ಮೆಟೈಸ್ ಇದನ್ನು 1948ರಲ್ಲೇ ಕಂಡಿದ್ದರು. ಗೆಡ್ಡೆಯ ಕೋಶಗಳು ಸತ್ತಾಗಲೂ ಇಂಥ ಚೂರುಗಳು ರಕ್ತಕ್ಕೆ ಬರುತ್ತವೆ.

ಡಿಎನ್‌ಎಯ ಸೈಟೋಸಿನ್ ಮೇಲೆ ಮೀಥೈಲ್ ಗುಂಪು ಅಂಟಿಕೊಳ್ಳುವುದಕ್ಕೆ ಮೀಥೈಲೇಶನ್ ಎನ್ನುತ್ತಾರೆ. ಯಕೃತ್ತಿನ ಕೋಶಕ್ಕೂ ಶ್ವಾಸಕೋಶದ ಕೋಶಕ್ಕೂ ಡಿಎನ್‌ಎ ಒಂದೇ, ಆದರೆ ಈ ಗುರುತುಗಳ ವಿನ್ಯಾಸ ಬೇರೆ. ಕ್ಯಾನ್ಸರ್ ಕೋಶದಲ್ಲಿ ಅದು ಇನ್ನೂ ಬದಲಾಗುತ್ತದೆ. ಈ ವಿನ್ಯಾಸವನ್ನು ಓದಿ, ಕ್ಯಾನ್ಸರ್ ಸುಳಿವು ಇದೆಯೇ, ಯಾವ ಅಂಗದಿಂದ ಬಂದಿರಬಹುದು ಎಂದು ಕಂಪ್ಯೂಟರ್ ಊಹಿಸುತ್ತದೆ. ಅಮೆರಿಕದ ಗ್ರೇಲ್ ಕಂಪನಿಯ ‘ಗ್ಯಾಲೆರಿ’ ಇಂಥ ಪರೀಕ್ಷೆ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಕೂಡ ‘ಕ್ಯಾನ್ಸರ್‌ಸ್ಪಾಟ್’ ಎಂಬ ಪರೀಕ್ಷೆ ತಂದಿತು.

ಈಗ ಗಣಿತ

2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗ್ಯಾಲೆರಿ ಪರೀಕ್ಷೆ, ಕ್ಯಾನ್ಸರ್ ಇಲ್ಲದವರಲ್ಲಿ ಶೇ. 99.5 ಮಂದಿಗೆ ‘ಇಲ್ಲ’ ಎಂದು ಸರಿಯಾಗಿ ಹೇಳಿತು. ಕ್ಯಾನ್ಸರ್ ಇದ್ದವರಲ್ಲಿ ಶೇ. 51.5 ಮಂದಿಯನ್ನು ಗುರುತಿಸಿತು. ಆದರೆ ಹಂತವಾರು ನೋಡಿ: ನಾಲ್ಕನೇ ಹಂತದಲ್ಲಿ ಶೇ. 90, ಮೊದಲನೇ ಹಂತದಲ್ಲಿ ಶೇ. 17 ಮಾತ್ರ. ಗೆಡ್ಡೆ ಚಿಕ್ಕದಿದ್ದಾಗ ರಕ್ತಕ್ಕೆ ಬರುವ ಚೂರುಗಳೂ ಕಡಿಮೆ.

10,000 ಜನರಲ್ಲಿ 100 ಮಂದಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳೋಣ. ಪರೀಕ್ಷೆ ಸುಮಾರು 51 ಮಂದಿಯನ್ನು ಹಿಡಿಯುತ್ತದೆ. ಉಳಿದ 9,900 ಆರೋಗ್ಯವಂತರಲ್ಲಿ ಶೇ. 0.5, ಅಂದರೆ ಸುಮಾರು 50 ಮಂದಿಗೂ ‘ಇದೆ’ ಎನ್ನುತ್ತದೆ. ‘ಇದೆ’ ಎಂದು ವರದಿ ಬಂದವರಲ್ಲಿ ಅರ್ಧದಷ್ಟು ಮಂದಿಗೆ ಕಾಯಿಲೆಯೇ ಇಲ್ಲ! ನೀವು ಸಂಭವನೀಯತೆಯಲ್ಲಿ ಕಲಿಯುವ ಬೇಯ್ಸ್ ಪ್ರಮೇಯ ಇದೇ.

ನಿಜ ಜೀವನದಲ್ಲೂ ಹೀಗೇ ಆಯಿತು. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪಾತ್‌ಫೈಂಡರ್ ಅಧ್ಯಯನದಲ್ಲಿ 6,621 ಮಂದಿಯ ಪೈಕಿ 92 ಜನರಿಗೆ ಸುಳಿವು ಕಂಡಿತು. ಅವರಲ್ಲಿ ಕ್ಯಾನ್ಸರ್ ಇದ್ದದ್ದು 35 ಜನರಿಗೆ. ಒಂದು ವರ್ಷದೊಳಗೆ ಒಟ್ಟು 121 ಮಂದಿಗೆ ಕ್ಯಾನ್ಸರ್ ಪತ್ತೆಯಾಯಿತು. ಅವರಲ್ಲಿ 86 ಮಂದಿಗೆ ಈ ಪರೀಕ್ಷೆ ‘ಇಲ್ಲ’ ಎಂದಿತ್ತು.

ಹಾಗೆಂದು ಇದು ವ್ಯರ್ಥವಲ್ಲ. ಮೇದೋಜೀರಕ ಗ್ರಂಥಿಯಂಥ ಅಂಗಗಳ ಕ್ಯಾನ್ಸರ್‌ಗೆ ಎಲ್ಲರಿಗೂ ಮಾಡಬಹುದಾದ ತಪಾಸಣೆ ಇಲ್ಲ. ಅಲ್ಲಿ ಇಂಥ ಸಂಶೋಧನೆ ಬೇಕೇ ಬೇಕು. ಇದರಿಂದ ಕೊನೆಯ ಹಂತದಲ್ಲಿ ಪತ್ತೆಯಾಗುವ ಕ್ಯಾನ್ಸರ್ ಕಡಿಮೆಯಾಗುತ್ತದೆಯೇ ಎಂದು ತಿಳಿಯಲು ಇಂಗ್ಲೆಂಡಿನಲ್ಲಿ 2021ರಲ್ಲಿ 1,40,000 ಮಂದಿಯ ಮೇಲೆ ಅಧ್ಯಯನ ಆರಂಭಿಸಿದ್ದೂ ಅದಕ್ಕೇ.

ಮಾಮುಗೆ ಹೇಳಿದ್ದು

“ಕಣ್ಣಿಗೆ ಕಾಣುವುದನ್ನು ರಕ್ತದಲ್ಲಿ ಹುಡುಕುವುದು ಬೇಡ, ಮೊದಲು ದಂತವೈದ್ಯರಿಗೆ ಬಾಯಿ ತೋರಿಸಿ” ಎಂದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕರ್ತರು ಬಾಯಿಯನ್ನು ಕಣ್ಣಿಂದ ಪರೀಕ್ಷಿಸಿದ್ದರಿಂದಲೇ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು ಎಂದು 2005ರಲ್ಲಿ ಪ್ರಕಟವಾಗಿದೆ. ನಮ್ಮ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೂ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮವಿದೆ.

ಮಾಮು ಒಲ್ಲದ ಮನಸ್ಸಿನಿಂದಲೇ ಬಂದರು. ಬಯಾಪ್ಸಿ ಆಯಿತು. ಕ್ಯಾನ್ಸರ್ ಆಗಿರಲಿಲ್ಲ, ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಲ್ಯುಕೋಪ್ಲೇಕಿಯಾ. ರಕ್ತಪರೀಕ್ಷೆ ಮಾಡಿಸಿದ್ದರೆ ಬಹುಶಃ ‘ಸುಳಿವಿಲ್ಲ’ ಎಂದು ಬರುತ್ತಿತ್ತು, ಅವರೂ ಧೈರ್ಯವಾಗಿ ಜಗಿಯುತ್ತಲೇ ಇರುತ್ತಿದ್ದರು. ಈಗ ಹೊಗೆಸೊಪ್ಪು ಬಿಟ್ಟು ಮೂರು ತಿಂಗಳಾಯಿತು.

ನಿಮಗೊಂದು ಮನೆಗೆಲಸ: 10,000 ಜನರಲ್ಲಿ 100ರ ಬದಲು 10 ಮಂದಿಗೆ ಮಾತ್ರ ಕ್ಯಾನ್ಸರ್ ಇದ್ದರೆ, ‘ಇದೆ’ ಎಂಬ ವರದಿ ಎಷ್ಟು ಮಂದಿಗೆ ನಿಜ? ಲೆಕ್ಕ ಮಾಡಿ ತನ್ನಿ. ಮನೆಯಲ್ಲಿ ಯಾರಾದರೂ ಹೊಗೆಸೊಪ್ಪು ಅಥವಾ ಗುಟ್ಕಾ ಜಗಿಯುತ್ತಿದ್ದರೆ, ಈ ವಾರವೇ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ.