ಕಂದು ಎಂಬ ಹಳೆಯ ಮಾತು

ಕರು ಎಂಬ ಪದ ನಿಮಗೆ ಗೊತ್ತೇ ಇದೆ. ಅದರ ಒಡಹುಟ್ಟಾದ ‘ಕಂದು’ ಎಂಬ ಪದವನ್ನು ನಿಮಗೆ ಪರಿಚಯಿಸಬೇಕೆಂಬುದು ನನ್ನ ಆಸೆ. ಹಳೆಯ ಕನ್ನಡದಲ್ಲಿ ಇದಕ್ಕೂ ಕರು ಎಂದೇ ಅರ್ಥ. ನುಡಿಯ ಚರಿತ್ರೆಯನ್ನು ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ತೋಚುವುದಿಲ್ಲ.

ಒಂದೇ ಪ್ರಾಣಿಗೆ ಕರು, ಕಂದು ಎಂಬ ಎರಡು ರೂಪ ಹೇಗೆ ಬಂದವು? ನಿಧಾನವಾಗಿ ನೋಡೋಣ. ತಮಿಳಿನಲ್ಲಿ ಕರುವನ್ನು ‘ಕನ್ಱು’ ಎನ್ನುತ್ತಾರೆ. ಕೊನೆಯಲ್ಲಿರುವ ‘ಱ’ ಹಳಗನ್ನಡದಲ್ಲೂ ಇದ್ದ ಅಕ್ಷರ; ಒತ್ತಿ ನುಡಿಯುವ ಈ ರಕಾರಕ್ಕೆ ಶಕಟರೇಫ ಎಂದು ಹೆಸರು. ಈಗ ತಮಿಳಿನ ಎರಡು ಎಣಿಕೆಯ ಪದಗಳನ್ನು ಗಮನಿಸಿ: ಒನ್ಱು, ಮೂನ್ಱು. ಇವು ಕನ್ನಡದಲ್ಲಿ ಒಂದು, ಮೂಱು. ಮೂಱು ಮುಂದೆ ಮೂರು ಆಯಿತು. ಅಂದರೆ ತಮಿಳಿನ ‘ನ್ಱು’ ಇರುವಲ್ಲಿ ನಮಗೆ ಒಮ್ಮೆ ‘ಂದು’, ಇನ್ನೊಮ್ಮೆ ‘ಱು’ ಸಿಗುತ್ತದೆ. ಕರುವಿನ ಹೆಸರು ಈ ಎರಡು ದಾರಿಗಳನ್ನೂ ಹಿಡಿಯಿತು: ಕಂದು ಒಂದು, ಕಱು ಮತ್ತೊಂದು. ಇಂದಿನ ಕರು ಆ ಕಱುವೇ.

ತುಳುವಿನಲ್ಲಿ ಒಂಜಿ, ಮೂಜಿ, ಕಂಜಿ. ಮಲಯಾಳದಲ್ಲಿ ಒನ್ನ್, ಮೂನ್ನ್, ಕನ್ನ್. ಬಾಯಿಬಿಟ್ಟು ಹೇಳಿ ನೋಡಿ, ಎಷ್ಟು ಕ್ರಮಬದ್ಧ! ಒಂದೇ ಮೂಲದಿಂದ ಬೇರೆ ಬೇರೆ ನುಡಿಗಳಿಗೆ ಇಳಿದು ಬಂದ ಇಂಥ ಪದಗಳನ್ನು ಜ್ಞಾತಿಪದಗಳು ಎನ್ನುತ್ತಾರೆ. ನಾವು ಇದನ್ನು ತಮಿಳಿನಿಂದ ಸಾಲ ತಂದೆವೆಂದು ಮಾತ್ರ ತಿಳಿಯಬೇಡಿ. ಈ ನುಡಿಗಳೆಲ್ಲ ಕವಲೊಡೆಯುವ ಮೊದಲಿನ ಮೂಲ ದ್ರಾವಿಡದಿಂದ ಅದು ಎಲ್ಲರ ಪಾಲಿಗೂ ಬಂದಿದೆ.

ಕೊಟ್ಟಿಗೆಯಲ್ಲಿ ಕರು ಗೆದ್ದಿತು. ಕಂದು ತೋಟಕ್ಕೆ ಸರಿಯಿತು. ಬಾಳೆಯ ಬುಡದಲ್ಲಿ ತಾಯಿಗಿಡಕ್ಕೆ ಅಂಟಿಕೊಂಡೇ ಮೂಡುವ ಎಳೆಯ ಗಿಡವನ್ನು ರೈತರು ಇಂದಿಗೂ ಕಂದು ಎನ್ನುತ್ತಾರೆ. ಅದನ್ನು ಕಿತ್ತು ಬೇರೆಡೆ ನೆಟ್ಟರೆ ಹೊಸ ಬಾಳೆ. ತುಳುವಿನ ಕಂಜಿಗೂ ಮಲಯಾಳದ ಕನ್ನಿಗೂ ಇದೇ ಎರಡನೆಯ ಅರ್ಥವಿದೆ. ಹಸುವಿನ ಮರಿಯನ್ನೂ ಬಾಳೆಯ ಮರಿಯನ್ನೂ ಒಂದೇ ಹೆಸರಿನಿಂದ ಕರೆದ ಆ ಕಣ್ಣು ನನಗೆ ಬಹಳ ಪ್ರಿಯ. ನಾವು ಮಗುವನ್ನು ಮುದ್ದಿನಿಂದ ಕರೆಯುವ ‘ಕಂದ’ನೂ ಈ ಬಳಗದವನೇ.

ಕೊಟ್ಟಿಗೆಯಲ್ಲಿ ಒಂದು ಬಳಕೆ ಮಾತ್ರ ಉಳಿದಿದೆ. ಗಬ್ಬದ ಹಸು ದಿನ ತುಂಬುವ ಮೊದಲೇ ಕರು ಹಾಕಿದರೆ ‘ಕಂದು ಹಾಕಿತು’ ಎನ್ನುತ್ತಾರೆ. ಹಾಗೆ ಗರ್ಭ ಕಳೆಯುವ ಬ್ರುಸೆಲ್ಲೋಸಿಸ್ ಕಾಯಿಲೆಗೆ ಕನ್ನಡದಲ್ಲಿ ಕಂದು ರೋಗ ಎಂದೇ ಹೆಸರು. ಆ ಹೆಸರಿನಲ್ಲಿ ಬಣ್ಣವನ್ನು ಹುಡುಕಬೇಡಿ, ಅಲ್ಲಿರುವುದು ಕರು.