ಲೋಥಲ್‌ಗೆ ಒಂದು ಬೆಳಗು ನಡೆದು ಬನ್ನಿ

ಅಹಮದಾಬಾದಿನ ಬೋಪಾಲ್‌ನಲ್ಲಿ ಮನೆ ಮಾಡಿರುವ ಕನ್ನಡದ ಅಕ್ಕ, ಅಣ್ಣಂದಿರೇ, ಚಳಿಗಾಲದ ಒಂದು ಭಾನುವಾರವನ್ನು ಹರಪ್ಪಾ ಕಾಲದ ಊರಾದ ಲೋಥಲ್‌ಗೆ ಮೀಸಲಿಡಿ. ಬಾವ್ಳಾ, ಬಗೋದರಾ ದಾರಿಯಲ್ಲಿ ಸುಮಾರು 80 ಕಿ.ಮೀ. ಅಷ್ಟೇ.

ಕಾರನ್ನು ಸರಗವಾಲಾ ಹಳ್ಳಿಯಲ್ಲೇ ಬಿಟ್ಟು ನಡೆಯಿರಿ. ಇದು ಭಾಲ್ ಸೀಮೆ. ನಮ್ಮ ಮಲೆನಾಡಿನಂತೆ ಗುಡ್ಡಗಳಿಲ್ಲ. ಕಣ್ಣು ಹಾಯುವಷ್ಟೂ ಉಪ್ಪಿನಂಶದ ಬಯಲು. ಮಳೆಗಾಲದ ತೇವ ಮಣ್ಣಲ್ಲಿ ಉಳಿದಿರುತ್ತದಲ್ಲ, ಆ ಪಸೆಯನ್ನೇ ನಂಬಿ ಇಲ್ಲಿ ಭಾಲಿಯಾ ಗೋಧಿ ಬೆಳೆಯುತ್ತಾರೆ. ಮಳೆಗಾಲದಲ್ಲಿ ಮಾತ್ರ ಹೋಗಬೇಡಿ, ಕೆಸರು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ.

ಲೋಥಲ್‌ನ ಹಳೆಯ ಹಡಗುಕಟ್ಟೆಯ ಬಳಿ ಅವಸರ ಬೇಡ. ಸುಮಾರು 215 ಮೀಟರ್ ಉದ್ದಕ್ಕೆ ಸುಟ್ಟ ಇಟ್ಟಿಗೆಯ ಗೋಡೆ, ನಾಲ್ಕು ಸಾವಿರ ವರ್ಷ ದಾಟಿದ್ದು. ಬಗ್ಗಿ ನೋಡಿದರೆ ಇಟ್ಟಿಗೆಗಳ ಅಂಚು ಇನ್ನೂ ನೇರವಾಗಿದೆ. ದಕ್ಷಿಣದ ಗೋಡೆಯಲ್ಲಿ ಹೆಚ್ಚಿನ ನೀರು ಹೊರಹೋಗಲು ಬಿಟ್ಟ ಕಂಡಿಯನ್ನು ಮಕ್ಕಳಿಗೆ ತೋರಿಸಿ. ಇದು ಬರೀ ಕೆರೆಯೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆ ಕಂಡಿಯ ಮುಂದೆ ನಿಂತಾಗ ನನಗೆ ಹಡಗುಕಟ್ಟೆಯೇ ಸರಿ ಅನ್ನಿಸುತ್ತದೆ.

ಲೋಥಲ್‌ನ ದಿಬ್ಬವನ್ನು 1955ರಿಂದ 1960ರವರೆಗೆ ಅಗೆಸಿದವರು ನಮ್ಮವರೇ, ಪುರಾತತ್ವಜ್ಞ ಶಿಕಾರಿಪುರ ರಂಗನಾಥ ರಾವ್. ಅವರ ಹೆಸರನ್ನು ಮಕ್ಕಳಿಗೆ ಅಲ್ಲೇ ಹೇಳಿ.

ಬೆಳಗ್ಗೆ ಬೇಗ ಹೊರಡಿ, ಬಯಲಲ್ಲಿ ನೆರಳಿಲ್ಲ. ಟೋಪಿ, ತಲೆಗೊಂದು ಬಾಟಲಿ ನೀರು, ಬುತ್ತಿ ಇರಲಿ. ಹಾದಿಯಲ್ಲಿ ಮಡಕೆಚೂರು ಕಂಡರೆ ನೋಡಿ, ಆದರೆ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಬಿದ್ದಲ್ಲೇ ಇರಲಿ.