ವೇಗವರ್ಧಕವಾಗಿ ಚಿನ್ನ

ಮಳೆಗಾಲದಲ್ಲಿ ನಮ್ಮ ಅಳದಂಗಡಿಯ ಕಡೆ ಕತ್ತಿ, ಹಾರೆಗಳಿಗೆ ತುಕ್ಕು ಹಿಡಿಯುತ್ತದೆ. ತಾಮ್ರದ ಹಂಡೆಗೆ ಕಿಲುಬು ಏರುತ್ತದೆ. ಕರಿಮಣಿ ಸರದ ಚಿನ್ನ ಮಾತ್ರ ಹೊಳೆಯುತ್ತಲೇ ಇರುತ್ತದೆ. ಗಾಳಿಯ ಆಮ್ಲಜನಕದೊಡನೆ ಅದು ಸುಲಭವಾಗಿ ಕೂಡದಿರುವುದೇ ಇದಕ್ಕೆ ಕಾರಣ. ಇಂತಹ ನಿರ್ಲಿಪ್ತ ಲೋಹವು ಇತರ ವಸ್ತುಗಳ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸಬಲ್ಲುದೇ? ಬಹುಕಾಲ ಹೆಚ್ಚಿನ ವಿಜ್ಞಾನಿಗಳು ಇಲ್ಲವೆಂದೇ ಭಾವಿಸಿದ್ದರು.

ತಾನು ವ್ಯಯವಾಗದೆ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವೇ ವೇಗವರ್ಧಕ. ಮದುವೆ ಕುದುರಿಸುವ ಮಧ್ಯಸ್ಥನಂತೆ ಅದು ಎರಡು ಕಡೆಯವರನ್ನು ಕೂಡಿಸಿ ತಾನು ಹಿಂದೆ ಸರಿಯುತ್ತದೆ. ಅದಕ್ಕಾಗಿ ಅಣುಗಳನ್ನು ತನ್ನ ಮೇಲ್ಮೈಯಲ್ಲಿ ಕ್ಷಣಕಾಲ ಹಿಡಿದು ಬಿಡಬೇಕು. ಪ್ಲಾಟಿನಂ ಹೀಗೆ ಮಾಡಬಲ್ಲುದು. ಚಿನ್ನದ ಗಟ್ಟಿಯು ಆಮ್ಲಜನಕವನ್ನು ಹಿಡಿಯುವುದೇ ಇಲ್ಲ.

1987ರಲ್ಲಿ ಜಪಾನಿನ ಮಸಾತಾಕೆ ಹರುತ ಮತ್ತು ಸಂಗಡಿಗರು ಈ ನಂಬಿಕೆಯನ್ನು ಅಲುಗಾಡಿಸಿದರು. ಕಬ್ಬಿಣವೇ ಮೊದಲಾದ ಲೋಹಗಳ ಆಕ್ಸೈಡಿನ ಮೇಲೆ ಚಿನ್ನವನ್ನು ಅತಿಸೂಕ್ಷ್ಮ ಕಣಗಳಾಗಿ ಹರಡಿದಾಗ, ಸೊನ್ನೆಗಿಂತ 70 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕದೊಡನೆ ಕೂಡಿ ಕಾರ್ಬನ್ ಡೈಆಕ್ಸೈಡ್ ಆಯಿತು.

ಗುಟ್ಟಿರುವುದು ಗಾತ್ರದಲ್ಲಿ. ಈ ಕಣಗಳು 5 ನ್ಯಾನೋಮೀಟರಿಗಿಂತ ಚಿಕ್ಕವು. 1 ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಕಣ ಕಿರಿದಾದಷ್ಟೂ ಮೇಲ್ಮೈಯಲ್ಲಿರುವ ಪರಮಾಣುಗಳ ಪಾಲು ಹೆಚ್ಚುತ್ತದೆ. ಅಂಚು, ಮೂಲೆಗಳ ಪರಮಾಣುಗಳಿಗೆ ನೆರೆಯವರು ಕಡಿಮೆ. ಆದುದರಿಂದ ಅವು ಬಂದ ಅಣುಗಳನ್ನು ಹಿಡಿಯಬಲ್ಲವು. ಚಿನ್ನವೂ ಆಕ್ಸೈಡೂ ಸಂಧಿಸುವ ಗಡಿಯಲ್ಲಿ ಕ್ರಿಯೆ ವಿಶೇಷವಾಗಿ ಚುರುಕಾಗಿರುತ್ತದೆ.

ಇದರ ಪ್ರಯೋಜನವೇನು? ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ ಕೊಲ್ಲುತ್ತದೆ. ಗಣಿ ಕೆಲಸಗಾರರ ರಕ್ಷಣಾ ಮುಖವಾಡಗಳಲ್ಲಿ ಬಳಸುತ್ತ ಬಂದ ಮ್ಯಾಂಗನೀಸ್-ತಾಮ್ರದ ಆಕ್ಸೈಡುಗಳ ಮಿಶ್ರಣವು ತೇವ ತಗಲಿದರೆ ಕೆಡುತ್ತದೆ. ಚಿನ್ನದ ವೇಗವರ್ಧಕಕ್ಕಾದರೋ ತುಸು ತೇವ ಅನುಕೂಲವೇ. ಇನ್ನೊಂದು ಉಪಯೋಗವೂ ಉಂಟು. ಪಿ.ವಿ.ಸಿ. ಕೊಳವೆಗಳ ಮೂಲವಸ್ತುವಾದ ವಿನೈಲ್ ಕ್ಲೋರೈಡನ್ನು ಅಸಿಟಿಲೀನಿನಿಂದ ತಯಾರಿಸಲು ವಿಷಕಾರಿ ಪಾದರಸದ ಲವಣ ಬೇಕಾಗುತ್ತಿತ್ತು. ಅದಕ್ಕೆ ಬದಲಾಗಿ ಚಿನ್ನವು ಒದಗೀತೆಂದು ಬ್ರಿಟನ್ನಿನ ಗ್ರಹಾಂ ಹಚಿಂಗ್ಸ್ 1985ರಲ್ಲಿಯೇ ಸೂಚಿಸಿದ್ದರು. ಮುಂದೆ ಅದು ಕಾರ್ಖಾನೆಯ ಮಟ್ಟಕ್ಕೂ ಬಂತು.

ತೊಡಕುಗಳೂ ಇವೆ. ಕಾವು ಹೆಚ್ಚಿದರೆ ಕಣಗಳು ಒಂದಕ್ಕೊಂದು ಅಂಟಿ ದೊಡ್ಡವಾಗುತ್ತವೆ. ಚಿನ್ನ ಮತ್ತೆ ತನ್ನ ಹಳೆಯ ನಿರ್ಲಿಪ್ತತೆಗೆ ಮರಳುತ್ತದೆ. ಬೆಲೆಯ ಮಾತಂತೂ ಇದ್ದೇ ಇದೆ. ನಮ್ಮ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಅದಿರನ್ನು ಅರೆದರೆ ದೊರೆಯುವುದು ಕೆಲವೇ ಗ್ರಾಂ. ಆದರೆ ವೇಗವರ್ಧಕದಲ್ಲಿ ಬೇಕಾಗುವ ಚಿನ್ನ ಅತ್ಯಲ್ಪ, ಅದೂ ವ್ಯಯವಾಗುವುದಿಲ್ಲ. ಕೊರಳಿಗೆ ಅಂದ ತರುವ ಲೋಹವು ಉಸಿರನ್ನೂ ಕಾಯುವಂತಾದರೆ, ಅದು ಚಿನ್ನಕ್ಕೆ ಪರಿಮಳ ಬಂದಂತೆಯೇ ಸರಿ.